ಆರಕ್ಷರದ ಮಾತು

ಆರ್ ಒಂದೇ ಉಳಿದಿತ್ತು. ಹಂಡೆಯ ನೀರು ತೋಡಿ ಮೈಮೇಲೆ ಸುರಿದುಕೊಳ್ಳುವಾಗ, ದೇವರ ಮುಂದೆ ಕೂತು ವಿಭೂತಿ ಹಚ್ಚಿಕೊಳ್ಳುವಾಗ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆಯೂ ಗಾಳೆಪ್ಪ ಮಾಸ್ತರರ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು. ಪಾಟಿಯ ಮೇಲೆ ಬಳಪದಿಂದ ಎಳೆದ ಆರು ಗೀಟು. ಒಂದೊಂದು ಗೀಟಿನ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ ಕೂರಬೇಕು. ಐದು ಕೂತಿದ್ದವು, ಮೊದಲನೆಯ ಗೀಟು ಮಾತ್ರ ಬರಿದಾಗಿತ್ತು. ಉಳಿದ ಐದನ್ನು ಕಂಡ ಯಾರಾದರೂ ಅಲ್ಲಿ ಆರ್ ಬರಬೇಕೆಂದು ಹೇಳುತ್ತಿದ್ದರು. ಅವರ ಮಗಳು ಅಮರಮ್ಮ ಹೇಳಲಿಲ್ಲ. ಸಣ್ಣವಳಿದ್ದಾಗಿನಿಂದ ಈ ಆಟದಲ್ಲಿ ತಂದೆಯನ್ನು ಸೋಲಿಸುತ್ತ ಬಂದವಳು, ನಿನ್ನೆ ಆ ಒಂದು ಗೀಟನ್ನು ಹಾಗೇ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಅವಳು ಹೋದ ಮೇಲೆ ಪಡಸಾಲೆಯಲ್ಲಿ ಸಕ್ಕರೆ ಹಂಚಿದರು.

ಆ ಸಕ್ಕರೆಯ ಮಾತನ್ನು ಹಿಂದಕ್ಕೆ ತರಲು ಅವರು ಈಗ ಹೊರಟಿದ್ದರು. ಲಿಂಗಸುಗೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಬಸ್ಸಪ್ಪನ ಎದುರು ಕೂತು, ನಿಮ್ಮ ಮಗ ಯಂಕೋಬನಿಗೆ ನಮ್ಮ ಹುಡುಗಿಯನ್ನು ಕೊಡಲಾಗುವುದಿಲ್ಲ, ಅವಳು ಒಪ್ಪಿಲ್ಲ, ಅವಳ ತಾಯಿ ತಪ್ಪು ತಿಳಿದು ಒಪ್ಪಿದಳೆಂದು ಹೇಳಿಬಿಟ್ಟಳು, ದೊಡ್ಡ ಮನಸ್ಸು ಮಾಡಿ ಮರೆತುಬಿಡಿ ಎಂದು ಹೇಳಬೇಕು. ಇಷ್ಟೇ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಮಾತನಾಡಿದ ಬಾಯಿಗೆ ಇದೊಂದು ದೊಡ್ಡದಲ್ಲ. ಬೆಳಿಗ್ಗೆ ಹೆಂಡತಿ ಯಮನಮ್ಮನಿಗೆ, ತಾರೀಖು ಗೊತ್ತುಮಾಡಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿದ್ದರು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಗಳ ಹತ್ತಿರ ಹೋಗಿ, ದನಿ ತಗ್ಗಿಸಿ, "ನಾ ಹೋಗಿ ಹೇಳಿ ಬರ್ತೀನವ್ವಾ. ನೀ ಕ್ಲಾಸಿಗೆ ಹೋಗು" ಎಂದಿದ್ದರು. ಅವಳು ಸಾಬೂನಿನ ಕೈಯನ್ನು ಹಾಗೇ ಹಿಡಿದುಕೊಂಡು ಅವರನ್ನು ನೋಡಿದಳು. ಏನೋ ಹೇಳಲು ತುಟಿ ಕೂಡಿತು. ಅದು ಹೊರಗೆ ಬರುವ ಮೊದಲೇ ಅವರು, "ಆತು, ಆತು, ನನಗ ಗೊತ್ತೈತಿ" ಎಂದು ತಿರುಗಿ ಬಂದಿದ್ದರು. ಏನು ಗೊತ್ತಿತ್ತು? ಈಗ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅವಳು ಏನು ಹೇಳಹೊರಟಿದ್ದಳೆಂದು ಅವರಿಗೆ ತಿಳಿಯಲಿಲ್ಲ.

ಬಸ್ಸು ಊರು ಬಿಟ್ಟು ಕಾಲುವೆ ದಾಟಿತು. ಎರಡೂ ಬದಿಗೆ ನೆಲ್ಲಿನ ಗದ್ದೆ, ನೀರಿನ ಮೇಲೆ ಬಿಸಿಲು. ಕಂಡಕ್ಟರು ಹತ್ತಿರ ಬಂದು ನಿಂತ. ಶಾವಲಿ. ಅವರ ಕೈಕೆಳಗೆ ಓದಿದವನು.

"ಸರ್, ನೀವಾ! ಎಲ್ಲಿಗ್ರಿ, ಬೀಗರ ಮನಿಗೇನು?"

"ಯಾವ ಬೀಗರೋ?"

"ಅಯ್ ಬಿಡ್ರಿ ಸರ್, ಮುಚ್ಚತೀರಿ ಯಾಕ? ನಿನ್ನೆ ಸಂಜೀಕ ಅಮ್ಮಾರು ನಮ್ಮ ಓಣಿತನಾ ಬಂದು ಸಕ್ರಿ ಕೊಟ್ಟು ಹೋಗ್ಯಾರ. ನಮ್ಮ ಅಮ್ಮೀ ಅಂತೂ ಅಳಾಕ ಹತ್ತಿದ್ಳ್ರಿ, ಆ ಕೂಸಿಗೆ ಒಂದ ದಾರಿ ಆತಲ್ಲಾ ಅಂತ." ಟಿಕೆಟು ಹರಿದು ಅವರ ಕೈಗೆ ಕೊಟ್ಟು, ಸುತ್ತಲಿನವರಿಗೂ ಕೇಳುವ ಹಾಗೆ ದನಿ ಏರಿಸಿದ. "ನೆಪ್ಪೈತೇನ್ರಿ ಸರ್, ನನ್ನ ಬೆಂಚಿನ ಮ್ಯಾಲ ನಿಂದರಿಸಿದ್ರಿ? ಯಸ್ ಅನ್ನೂದು ಬೋರ್ಡಿನ ಮ್ಯಾಲ ಬರಿ ಅಂದ್ರಿ. ನಾ ಒಂದ ಅಕ್ಷರ ಬರದೆ, ಹಾವಿನಂಗ ಸೊಟ್ಟಂದು. ಮತ್ತೇನ್ರಿ, ಯಸ್ ಅಂದ್ರ ಯಸ್ ಅಲ್ರೀ!"

ಮುಂದಿನ ಸೀಟಿನವರು ನಕ್ಕರು. ಬಾಳೆಗೊನೆ ಕಾಲಡಿ ಇಟ್ಟುಕೊಂಡಿದ್ದ ಮುದುಕನೊಬ್ಬ ಅರ್ಥವಾಗದಿದ್ದರೂ ನಕ್ಕ. ಮಾಸ್ತರರೂ ನಗಬೇಕಾಯಿತು. ಅವತ್ತು ತರಗತಿಯನ್ನೆಲ್ಲ ಈ ಹುಡುಗನ ಮೇಲೆ ನಗಿಸಿದವರು ಅವರೇ. ಇಲ್ಲಿಯ ನಾಲಿಗೆಯಲ್ಲಿ ಹೌದು ಎನ್ನುವ ಯಸ್ಸಿಗೂ, ಬರೀ ಅಕ್ಷರವಾದ ಯಸ್ಸಿಗೂ ಕೂದಲಿನಷ್ಟು ಭೇದವಿಲ್ಲ. ಮೂವತ್ತು ವರ್ಷ ಹೇಳಿಕೊಟ್ಟರೂ ಅವರದೇ ನಾಲಿಗೆ ಆ ಭೇದ ಮಾಡುತ್ತಿರಲಿಲ್ಲ. ಶಾವಲಿ ಮುಂದೆ ಹೋದ. ಮಾಸ್ತರರು ಟಿಕೆಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಕಿಟಕಿಯ ಹೊರಗೆ ನೋಡಿದರು. ಊರಿಗೆಲ್ಲ ಗೊತ್ತಾಗಿದೆ. ನಿನ್ನೆ ಅಮರಮ್ಮನ ಬಾಯಿಂದ ಬಂದ ಯಸ್ಸು ಒಂದೇ ರಾತ್ರಿಯಲ್ಲಿ ಓಣಿ ಓಣಿ ತಿರುಗಿ, ತಮಗಿಂತ ಮುಂಚೆ ಬಸ್ಸು ಹತ್ತಿ ಕೂತಿದೆ.

ಅಮರಮ್ಮನಿಗೆ ಮಾತು ಉಗ್ಗುತ್ತಿತ್ತು. ಮೂರು ವರ್ಷದವಳಾಗುವ ತನಕ ಯಾರೂ ಗಮನಿಸಲಿಲ್ಲ. ಮಕ್ಕಳ ತೊದಲು ಅಂದುಕೊಂಡರು. ಶಾಲೆಗೆ ಹಾಕಿದ ದಿನ ಹೆಸರೇನು ಎಂದು ಕೇಳಿದರೆ ಅ, ಅ, ಅ ಎಂದು ನಿಂತುಬಿಟ್ಟಳು. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು, ಹಿಂದಿನ ಸಾಲಿನ ಹುಡುಗರು ಅದನ್ನೇ ಹಾಡು ಮಾಡಿಕೊಂಡರು. ಗುರುಗುಂಟದ ಅಮರೇಶ್ವರನ ಹೆಸರು ಇಟ್ಟದ್ದೇ ತಪ್ಪಾಯಿತೇನೋ, ಬೇರೆ ಅಕ್ಷರದಿಂದ ಶುರುವಾಗುವ ಹೆಸರು ಇಡಬೇಕಿತ್ತೇನೋ ಎಂದು ಮಾಸ್ತರರು ಕೊರಗಿದ್ದುಂಟು. ರಾಯಚೂರಿನ ಡಾಕ್ಟರಿಗೆ ತೋರಿಸಿದರು. ಬಜೆ ತೇದು ನೆಕ್ಕಿಸಿದರು. ಸೋಮವಾರ ಉಪವಾಸ ಹಿಡಿದು, ಇವಳ ಬಾಯಿಂದ ತಡೆಯಿಲ್ಲದ ಒಂದು ಮಾತು ಕೇಳಿಸಪ್ಪಾ ಎಂದು ದೇವರ ಮುಂದೆ ಅಂಗಲಾಚಿದರು. ಒಂದು ದಿನ ಹುಡುಗರ ಪೇಪರು ತಿದ್ದುತ್ತ ಕೂತಿದ್ದಾಗ ಮಗಳು ಹಿಂದೆ ನಿಂತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದಳು. ಎ, ಯಫ್, ಯಮ್, ಆರ್. ಎಲ್ಲೂ ತಡೆಯಲಿಲ್ಲ. ಹರಿಯುವ ನೀರಿನ ಹಾಗೆ ಬಂತು. ಅವರು ಅಲ್ಲಾಡದೆ ಕೂತು ಕೇಳಿದರು. ಕೆಂಪು ಮಸಿ ಪೇಪರಿನ ಮೇಲೆ ಇಂಗುತ್ತ ಹೋಯಿತು. ಅಕ್ಷರಕ್ಕೆ ಅರ್ಥವಿಲ್ಲ, ಅದಕ್ಕೇ ಅವಳಿಗೆ ಭಯವಿಲ್ಲ ಎಂಬುದು ಅವರಿಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಅವತ್ತಿನಿಂದ ಈ ಆಟ. ತಂದೆ ಒಂದು ಮಾತು ನೆನೆದು ಅಕ್ಷರಕ್ಕೊಂದು ಗೀಟು ಎಳೆಯುವುದು, ಮಗಳು ಅಕ್ಷರ ಕೇಳುತ್ತ ಹೋಗುವುದು. ಶಹರದ ಶಾಲೆಗಳಲ್ಲಿ ತಪ್ಪಿದ ಅಕ್ಷರಕ್ಕೊಂದರಂತೆ ಗಲ್ಲಿಗೇರಿದ ಮನುಷ್ಯನ ಕೈಕಾಲು ಬರೆಯುತ್ತಾರಂತೆ. ದೇವರ ದೀಪ ಉರಿಯುವ ಮನೆಯಲ್ಲಿ ಅದು ಬೇಡವೆಂದು ಅವರು ಬರೆಯಲಿಲ್ಲ. ಮಾತುಗಳನ್ನು ಗುಂಪು ಮಾಡಿ ಕಲಿಸಿದರು. ಮೂರಕ್ಷರದವು, ನಾಲ್ಕಕ್ಷರದವು, ಇಂಥ ಅಕ್ಷರದಿಂದ ಶುರುವಾಗುವವು, ಇಂಥವುಗಳಲ್ಲಿ ಮುಗಿಯುವವು. ಸ್ವರ ಮೊದಲು ಕೇಳು, ಉಳಿದವನ್ನು ಆಮೇಲೆ ಕೇಳು, ಎಂದು ಉಪಾಯ ಹೇಳಿಕೊಟ್ಟರು. ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ತಂದೆ ಮಗಳು ಪಾಠದ ಹಾಗೆ ಹೇಳುತ್ತಿದ್ದರು: ಯಸ್, ಓ, ಯನ್ ಎಂದು ಮುಗಿಯುವ ಆರಕ್ಷರದ ಮಾತು ಯಾವುವು? ಅವರು ಮಾತು ಹೇಳುವರು, ಅವಳು ಅಕ್ಷರ ಬಿಡಿಸುವಳು. ಸೀಸನ್. ಲೆಸನ್. ಪರ್ಸನ್. ಪ್ರಿಸನ್. ಪಾಯ್ಸನ್. ರೀಸನ್. ಯಮನಮ್ಮ ಒಳಗಿನಿಂದ, "ಅಪ್ಪಗ ಮಗಳಿಗೆ ಇದೊಂದ ಜಪ ಹತ್ಯೈತಿ ನೋಡು" ಎಂದು ನಗುತ್ತಿದ್ದಳು. ಹುಡುಗಿ ದೊಡ್ಡವಳಾದಳು. ಬಾಯಿಪಾಠ ಒಪ್ಪಿಸಲಾಗದೆ ಓದು ನಿಂತಿತು. ಉಸ್ಮಾನ್‌ಸಾಬರ ಟೈಪಿಂಗ್ ಕ್ಲಾಸಿಗೆ ಕಲಿಯಲು ಹೋದವಳು, ಬೆರಳು ಅಷ್ಟು ಚುರುಕಾಗಿದ್ದದ್ದರಿಂದ ಅಲ್ಲಿಯೇ ಕಲಿಸಲು ನಿಂತಳು. ಅಲ್ಲಿ ಯಾರೂ ಅವಳನ್ನು ಮಾತಾಡು ಎನ್ನುತ್ತಿರಲಿಲ್ಲ. ಅಕ್ಷರ ಹೇಳಿದರೆ ಸಾಕಿತ್ತು.

ಯಂಕೋಬನದು ಎರಡನೆಯ ಸಂಬಂಧ. ಮೊದಲ ಹೆಂಡತಿ ತೀರಿಕೊಂಡಿದ್ದಳು. ಜ್ವರ ಬಂದು ಹದಿನೈದು ದಿನ ಮಲಗಿ ಹೋದಳು ಎಂದು ನಿನ್ನೆ ಬಸ್ಸಪ್ಪನೇ ಪಡಸಾಲೆಯಲ್ಲಿ ಹೇಳಿದ. ಹುಡುಗ ತಲೆ ಬಗ್ಗಿಸಿ ಕೈಗಡಿಯಾರದ ಕೀಲಿ ತಿರುಗಿಸುತ್ತಿದ್ದ. ಅಮರಮ್ಮ ಚಹಾ ತಂದಿಟ್ಟಾಗ ಬಸ್ಸಪ್ಪ ಹೆಸರು ಕೇಳಿದ. ಅವಳು ಅ, ಅ ಎಂದು ನಿಂತಳು. "ಇರಲಿ ಬಿಡವ್ವಾ, ಗೊತ್ತೈತಿ" ಎಂದು ಅವನೇ ಮುಗಿಸಿ, ಅವಳು ಒಳಗೆ ಹೋದ ಮೇಲೆ ಮಾಸ್ತರರ ಕಡೆ ಬಾಗಿದ. "ಮೊದಲಿನಾಕಿದು ಬಾಯಿ ಭಾಳ ಇತ್ರಿ, ಮಾಸ್ತರ್ರ. ಮನಿ ಮುರಿಯೂದು ಬಾಯಿಲಿಂದನ. ನಮಗ ಇಂಥಾಕೀನ ಛಲೋ." ಯಮನಮ್ಮನಿಗೆ ಇದು ಹೊಗಳಿಕೆಯಾಗಿ ಕೇಳಿಸಿತು. ಮಾಸ್ತರರಿಗೆ ಹಾಗೆ ಕೇಳಿಸಲಿಲ್ಲ, ಆದರೆ ಅವರೂ ಚಹಾ ಕುಡಿದರು. ಬಸ್ಸಪ್ಪನೇ ಮತ್ತೆ ಅಂದ: "ಒಳಗ ಹೋಗಿ ಹುಡುಗೀನ ಒಂದ ಮಾತು ಕೇಳಿಬರ್ರಿ. ಮುಂದ ಹಂಗ ಹಿಂಗ ಅನಬಾರ್ದು ನೋಡ್ರಿ."

ಒಳಗೆ ಅವಳು ಗೋಡೆಗೆ ಒರಗಿ ಕೂತಿದ್ದಳು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳ ಉಸಿರು ಕಟ್ಟಿದಾಗಲೆಲ್ಲ ಅವರು ಮಾಡುತ್ತಿದ್ದುದನ್ನೇ ಮಾಡಿದರು: ಗೂಡಿನಲ್ಲಿದ್ದ ಪಾಟಿ ತೆಗೆದು ಗೀಟು ಎಳೆದರು. ಯಾವ ಮಾತೆಂದು ಯೋಚಿಸಲಿಲ್ಲ. ಕೈ ತಾನೇ ಆರು ಎಳೆಯಿತು, ಮನಸ್ಸಿಗೆ ರೀಸನ್ ಬಂತು. ಕಾರಣ. ಅವಳು ಈ ಎಂದಳು. ಎ ಎಂದಳು. ಎರಡನ್ನೂ ಅವುಗಳ ಜಾಗದಲ್ಲಿ ಬರೆದರು. ಉಸಿರು ಸ್ವಲ್ಪ ಇಳಿಯಿತೆಂದು ಕಂಡಾಗ, ಪಾಟಿಯಿಂದ ಕಣ್ಣೆತ್ತದೆ, "ನಿನಗ ಒಪ್ಪಿಗಿ ಐತೇನವ್ವಾ?" ಎಂದು ಕೇಳಿದರು. ಬಾಗಿಲಲ್ಲಿ ಯಮನಮ್ಮ ಅರಿಷಿಣ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅಮರಮ್ಮ, "ಯಸ್" ಎಂದಳು. ಸ್ಪಷ್ಟವಾಗಿ, ಒಂದೇ ಸಲಕ್ಕೆ. ಯಮನಮ್ಮ ತಟ್ಟೆ ಹಿಡಿದೇ ತಿರುಗಿದಳು. "ಅಯ್ ನನ್ನ ಕೂಸ! ತಡೀಲಿಲ್ಲ ನೋಡ್ರಿ! ಅಮರೇಶ್ವರಾನ ನುಡಿಸ್ಯಾನ!" ಎನ್ನುತ್ತ ಪಡಸಾಲೆಗೆ ಓಡಿದಳು. ಅವಳು ಬಲ್ಲ ಇಂಗ್ಲಿಷ್ ಮಾತು ನಾಲ್ಕೋ ಐದೋ, ಅವುಗಳಲ್ಲಿ ಇದೊಂದು. ಮಾಸ್ತರರು ಬಳಪ ಹಿಡಿದು ಕೂತೇ ಇದ್ದರು. ಆಗ ಅಮರಮ್ಮ ಅವರ ಮುಖವನ್ನೇ ನೋಡುತ್ತ ಇನ್ನೆರಡು ಅಕ್ಷರ ಹೇಳಿದಳು. "ಯನ್. ಓ."

ನೋ. ಅವರಿಗೆ ಕೇಳಿಸಿತು. ಆದರೆ ಕೈ ಏನು ಮಾಡಿತು? ಯಸ್ಸನ್ನು ನಾಲ್ಕನೆಯ ಗೀಟಿನ ಮೇಲೆ ಬರೆಯಿತು. ಯನ್ನನ್ನು ಕಡೆಯ ಗೀಟಿನ ಮೇಲೆ, ಓವನ್ನು ಅದರ ಹಿಂದಿನ ಗೀಟಿನ ಮೇಲೆ. ಬರೆದು, ಅವರ ಬಾಯಿ, "ಇನ್ನೊಂದ ಉಳೀತು ನೋಡವ್ವಾ" ಎಂದಿತು. ಆ ದನಿ ತರಗತಿಯ ದನಿ. ಅವಳು ಪಾಟಿಯನ್ನು ನೋಡಿದಳು, ಅವರನ್ನು ನೋಡಿದಳು, ಎದ್ದಳು. ಹೊರಗಡೆ ಬಸ್ಸಪ್ಪ ಗಟ್ಟಿಯಾಗಿ ನಗುತ್ತಿದ್ದ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಚಹಾಕ್ಕೆಂದು ಎಲ್ಲರೂ ಇಳಿದರು; ಮಾಸ್ತರರೂ ಇಳಿದು ಜಂಗ್ಲಿಸಾಬನ ಹೋಟೆಲಿನ ಬೆಂಚಿನ ಮೇಲೆ ಕೂತರು. ಎದುರಿಗೆ ಶಾಸನದ ಗುಡ್ಡ ಬಿಸಿಲಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ವರ್ಷ ಶಾಲೆಯ ಹುಡುಗರನ್ನು ಕರೆತಂದಾಗ ಮಗಳನ್ನೂ ಕರೆದುಕೊಂಡು ಬಂದಿದ್ದರು. ಉಳಿದ ಹುಡುಗರು ಬಂಡೆಯಿಂದ ಬಂಡೆಗೆ ಹಾರುತ್ತಿದ್ದರೆ ಅವಳು ಮಾತ್ರ ಕಲ್ಲಿನ ಆ ಹಳೆಯ ಅಕ್ಷರಗಳ ಮುಂದೆ ಕೂತುಬಿಟ್ಟಳು. ಇದನ್ನು ಓದುವವರು ಬರುವ ತನಕ ಎಷ್ಟು ಕಾಲ ಹಿಡಿಯಿತು ಎಂದು ಸನ್ನೆಯಲ್ಲಿ ಕೇಳಿದಳು. ಬಹಳ ಕಾಲ ಎಂದರು. ಅವಳು ನಕ್ಕಳು. ಯಾಕೆ ನಕ್ಕಳೆಂದು ಅವತ್ತು ಕೇಳಲಿಲ್ಲ. ಕೇಳಿದ್ದರೂ ಉತ್ತರ ಮುಗಿಯುವ ತನಕ ನಿಲ್ಲುತ್ತಿದ್ದೆನೇ? ಅವಳ ಯಾವ ಮಾತನ್ನು ಕೊನೆಯ ತನಕ ಕೇಳಿದ್ದೇನೆ? ಊಟಕ್ಕೆ ಬಡಿಸುವಾಗ ಸಾ, ಸಾ ಎಂದರೆ ಸಾರು ಎಂದು ತಾವೇ ಹೇಳುವರು. ಅದು ಸಾಕು ಎನ್ನುವುದೂ ಆಗಿದ್ದಿರಬಹುದು. ಪ್ರೀತಿಯಿಂದಲೇ ಮಾಡಿದ್ದು. ಅವಳ ಕಷ್ಟ ನೋಡಲಾರದೆ. ಅಥವಾ ತಮ್ಮ ಕಷ್ಟ ನೋಡಲಾರದೆಯೇ?

ಚಹಾ ಆರುತ್ತಿತ್ತು. ಅವರ ಬುದ್ಧಿ, ನಿನ್ನೆಯಿಂದ ಮಾಡುತ್ತಿದ್ದ ಹಾಗೆ, ಇನ್ನೊಂದು ದಿಕ್ಕಿಗೆ ತಿರುಗಿತು. ಸ್ವರ ಮೊದಲು ಕೇಳು ಎಂದು ಕಲಿಸಿದ್ದು ತಾವು. ಅವಳು ಆ ನಿಯಮ ಎಂದೂ ಮುರಿದವಳಲ್ಲ. ಈ ಆಯಿತು, ಎ ಆಯಿತು, ಆಮೇಲೆ ಐ, ಓ, ಯು ಕೇಳಬೇಕಾದವಳು ನಡುವೆ ಯಸ್‌ಗೆ ಯಾಕೆ ಹಾರಿದಳು? ಹಾಗಾದರೆ ಆ ಯಸ್ಸು ಆಟದ ಅಕ್ಷರವಲ್ಲ, ನಿಜವಾದ ಹೌದೇ ಇರಬೇಕು. ಯನ್, ಓ ಬರೀ ಆಟ ಇರಬೇಕು. ಈ ಎಳೆ ಸಿಕ್ಕಾಗ ಅವರ ಎದೆ ಹಗುರಾಯಿತು. ಬೆನ್ನಹಿಂದೆಯೇ ಇನ್ನೊಂದು ಬಂತು: ಆಟವೇ ಆಗಿದ್ದರೆ ಆರ್ ಯಾಕೆ ಹೇಳಲಿಲ್ಲ? ಗೆಲ್ಲಲು ಒಂದೇ ಅಕ್ಷರ ಬೇಕಿದ್ದಾಗ ಆಟ ಬಿಟ್ಟು ಯಾರು ಏಳುತ್ತಾರೆ? ಹೀಗೆ ಅತ್ತ ಇತ್ತ ಎಳೆದಾಡುವುದೇ ಒಂದು ಕಳ್ಳತನ ಎಂದು ಅವರಿಗೆ ತಿಳಿಯುತ್ತಿತ್ತು. ಇಪ್ಪತ್ತಾರು ದಾಟಿತು ಅವಳಿಗೆ. ನಾವು ಹೋದ ಮೇಲೆ ಯಾರು? ಬೇರೆ ಯಾರು ಬಂದು ಕೇಳಿಯಾರು? ಆ ಪ್ರಶ್ನೆಗಳೆಲ್ಲ ಊರಿನವರ ದನಿಯಲ್ಲೇ ಒಳಗೆ ಕೂತಿದ್ದವು. "ದೇವರೇ, ನೀನೇ ನುಡಿಸು" ಎಂದು ಕಣ್ಣು ಮುಚ್ಚಿದರು. ಜಂಗ್ಲಿಸಾಬ ಲೋಟ ಎತ್ತಿಕೊಳ್ಳಲು ಬಂದು, "ಕುಡಿಲಿಲ್ಲಲ್ರಿ ಮಾಸ್ತರ್ರ, ನೊಣ ಬಿದ್ದೈತೇನು?" ಎಂದ.

ಲಿಂಗಸುಗೂರಿನಲ್ಲಿ ಬಸ್ಸಪ್ಪನ ಅಂಗಡಿ ಮುಂದೆ, ಮನೆ ಹಿಂದೆ. ಗೊಬ್ಬರದ ಚೀಲಗಳ ನಡುವೆ, ಹುಳ ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳ ಸಾಲು ದಾಟಿಯೇ ಒಳಗೆ ಹೋಗಬೇಕು. ಮೂಗಿಗೆ ಖಾರವಾದ ವಾಸನೆ ಪಡಸಾಲೆಯ ತನಕ ಬರುತ್ತಿತ್ತು. ಸಂಬಂಧ ಒಲ್ಲೆವೆಂದು ಹೇಳಲು ಹೋದವರು ಆ ಮನೆಯ ನೀರು ಕುಡಿಯುವುದಿಲ್ಲ, ಅನ್ನ ಮುಟ್ಟುವುದಿಲ್ಲ. ಉಂಡರೆ ಮಾತು ಕೊಟ್ಟ ಹಾಗೆ, ಆಮೇಲೆ ಯಾವ ಪಂಚರೂ ಅದನ್ನು ಬಿಡಿಸಲಾರರು. ಇದು ಎಲ್ಲರೂ ಬಲ್ಲ ಕಟ್ಟಳೆ. ಹೊಸ್ತಿಲ ಮೇಲೆ ಚಪ್ಪಲಿ ಬಿಡುವಾಗ ಮಾಸ್ತರರು ಅದನ್ನು ಗಟ್ಟಿಯಾಗಿ ನೆನೆದುಕೊಂಡರು. ಬಸ್ಸಪ್ಪ ಎದ್ದು ಬಂದು ಎರಡೂ ಕೈ ಹಿಡಿದ.

"ಬರ್ರಿ, ಬರ್ರಿ, ಬೀಗರ! ಅವ್ವಾ, ನೀರು ತಾರಬೇ, ಸಿಂಧನೂರು ಬೀಗರು ಬಂದಾರ."

ಬಸ್ಸಪ್ಪನ ತಾಯಿ ಕನಕಮ್ಮ, ಬಾಗಿದ ಮುದುಕಿ, ತಂಬಿಗೆ ತಂದಳು. "ಒಲ್ಲೆವ್ವಾ, ಈಗ ಚಹಾ ಆಗೈತಿ" ಎಂದರು. ಮುದುಕಿ ತಂಬಿಗೆ ಹಿಡಿದು ಅಲ್ಲೇ ನಿಂತಳು. "ಯಾಕಪಾ, ನಮ್ಮ ಊರ ನೀರು ಸವಳು ಅಂತೇನು?"

"ನಾ ಬಂದದ್ದು ಏನಂದ್ರ," ಎಂದು ಮಾಸ್ತರರು ಶುರುಮಾಡಿದರು, "ನಮ್ಮ ಹುಡುಗಿ..."

"ಟೈಪಿಂಗ್ ಬಿಡಸಬ್ಯಾಡ್ರಿ ಅಂತೀರಿ. ಇಲ್ಲಿ ಏನು ಟೈಪ್ ಮಾಡ್ತಾಳ್ರಿ, ಪಲ್ಯಾನಾ?"

"ಅದಲ್ರಿ. ಆಕಿ..."

"ಬಂಗಾರದ ಮಾತಾ? ನಾವೇನರ ಬಾಯಿಬಿಟ್ಟೇವೇನು? ಒಂದ ಸೀರಿ ಮ್ಯಾಲ ಕಳಿಸ್ರಿ, ಸಾಕು."

ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದ ಮೇಲೆ, ಮೂರನೆಯ ಸಲ ಅವರು ಉಸಿರು ಎಳೆದುಕೊಂಡು ಹೇಳಿಯೇಬಿಟ್ಟರು. "ಹುಡುಗೀದು ಒಪ್ಪಿಗಿ ಇಲ್ರಿ, ಬಸ್ಸಪ್ಪನವರ. ಮನ್ಯಾಗ ನಮ್ಮಾಕಿ ತಪ್ಪು ತಿಳಕೊಂಡ್ಳು. ಹುಡುಗಿ ಯಸ್ ಅಂದದ್ದು ಖರೆ. ಆದ್ರ ಅದು ಯಸ್ ಅಲ್ರಿ. ಯಸ್."

ಬಸ್ಸಪ್ಪ ಅವರನ್ನೇ ನೋಡಿದ. "ಏನಂದ್ರಿ?"

"ಯಸ್ ಅಲ್ಲ. ಯಸ್. ಅಕ್ಷರ." ಮಾಸ್ತರರು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಹೋದರು, ಹಾವಿನ ಹಾಗೆ ಸೊಟ್ಟಗೆ ಹೋಯಿತು ಬೆರಳು. "ಆಟದಾಗಿನ ಯಸ್."

ಬಸ್ಸಪ್ಪ ತೊಡೆ ತಟ್ಟಿ ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಏ ಯಂಕೋಬ, ಬಾರೋ ಇಲ್ಲಿ! ಕೇಳಿಲ್ಲಿ ನಿಮ್ಮ ಮಾವ ಏನಂತಾರ. ಯಸ್ ಅಲ್ಲಂತ, ಯಸ್ಸಂತ!" ಅಂಗಡಿಯಿಂದ ಯಂಕೋಬ ಇಣುಕಿದ, ಚೀಲ ಹೊರುತ್ತಿದ್ದ ಹಮಾಲರೂ ಇಣುಕಿದರು. ಯಾರೋ ಅದನ್ನೇ ತಿರುಗಿಸಿ ಅಂದರು, ಯಸ್ ಅಲ್ಲ, ಯಸ್. ಇನ್ಯಾರೋ ಅದಕ್ಕೆ ನಕ್ಕರು. "ಸಾಲೀ ಮಾಸ್ತರ ಅಂದ್ರ ಸಾಲೀ ಮಾಸ್ತರ ನೋಡ್ರಿ," ಎಂದು ಬಸ್ಸಪ್ಪ ಅವರ ಹೆಗಲ ಮೇಲೆ ಕೈಯಿಟ್ಟ, "ಬೀಗರನ ಅಂಜಿಸಾಕ ಬಂದಾರ! ಅವ್ವಾ, ತಾಟು ಹಾಕಬೇ." ಮಾಸ್ತರರು ಇಲ್ಲ ಎನ್ನಬೇಕಿತ್ತು. ಚಾಷ್ಟಿ ಅಲ್ರಿ, ಖರೇನ ಐತಿ ಎನ್ನಬೇಕಿತ್ತು. ಎದ್ದು ನಿಲ್ಲಬೇಕಿತ್ತು. ಎಲ್ಲರ ಮುಖಗಳೂ ನಗುತ್ತ ತಮ್ಮ ಕಡೆ ತಿರುಗಿದ್ದವು. ಆ ಮುಖಗಳೆದುರು ತಮ್ಮ ಮುಖವೂ ನಗುತ್ತಿದೆ ಎಂದು ಅವರಿಗೆ ಗೊತ್ತಾಯಿತು. ನಿಲ್ಲಿಸಲು ನೋಡಿದರು. ಕೆನ್ನೆಯ ಮಾಂಸ ಮಾತು ಕೇಳಲಿಲ್ಲ.

ಹೋಳಿಗೆ ಮಾಡಿದ್ದರು. ಕನಕಮ್ಮ ಬಗ್ಗಿ ತುಪ್ಪ ಹಾಕುತ್ತ, ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಮೊದಲಿನಾಕೀನೂ ಭಾಳ ಚಂದ ಹೋಳಗಿ ಮಾಡ್ತಿದ್ಳಪಾ. ಏನ್ ಮಾಡೂದು, ಮುಂಜಾನೆ ಹೊಟ್ಟಿನೋವು ಅಂದ್ಳು, ಮಧ್ಯಾಹ್ನಕ್ಕ ಹ್ವಾದ್ಳು" ಎಂದಳು. ಮಾಸ್ತರರ ಕೈ ತಾಟಿನ ಮೇಲೆ ನಿಂತಿತು. ಜ್ವರ, ಹದಿನೈದು ದಿನ ಮಲಗಿದಳು ಎಂದಿದ್ದ ಬಸ್ಸಪ್ಪ. ಅವರು ತಲೆ ಎತ್ತಿದರು. ಬಸ್ಸಪ್ಪ ತಾಯಿಯ ಕಡೆ ನೋಡುತ್ತಿದ್ದ; ನಗು ಇರಲಿಲ್ಲ. ಮುದುಕಿ ತುಪ್ಪದ ಗಿಂಡಿ ಹಿಡಿದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಅಂಗಡಿಯ ಖಾರದ ವಾಸನೆ ಅನ್ನದ ಆವಿಯ ಜೊತೆ ಮೂಗಿಗೆ ಬಂತು. ಕರೆಯದೆ, ನೆನೆಯದೆ, ಯಸ್, ಓ, ಯನ್ ಎಂದು ಮುಗಿಯುವ ಆರಕ್ಷರದ ಮಾತುಗಳ ಸಾಲು ತಲೆಯೊಳಗೆ ಬಂದು ನಿಂತಿತು. ಸೀಸನ್, ಲೆಸನ್, ಪರ್ಸನ್, ಪ್ರಿಸನ್. ಮುಂದಿನದರ ಪಾಯ್ ಎಂಬಲ್ಲಿಗೆ ಬಂದಾಗ ಅವರು ಮನಸ್ಸನ್ನು ಹಿಡಿದು ಎಳೆದರು. ಅಮರೇಶ್ವರಾ ಎಂದರು. "ಉಣ್ರಿ, ಬೀಗರ, ಆರತೈತಿ" ಎಂದ ಬಸ್ಸಪ್ಪ, ಮೆಲ್ಲಗೆ. ಮಾಸ್ತರರು ಹೋಳಿಗೆಯ ಚೂರು ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗೆ ಇಟ್ಟುಕೊಂಡರು. ಸಿಹಿಯಾಗಿತ್ತು. ಇನ್ನೊಂದು ಚೂರು ಮುರಿದರು.

ಹೊರಡುವಾಗ ಅವರ ಕೈಚೀಲದಲ್ಲಿ ತೆಂಗಿನಕಾಯಿ, ಎಲೆಯಡಿಕೆ, ಹಸಿರು ಕುಬಸದ ಖಣ ಇಟ್ಟರು. ತಾರೀಖನ್ನು ಬಸ್ಸಪ್ಪನೇ ಹೇಳಿದ, ಮಾಸ್ತರರು ತಲೆಯಾಡಿಸಿದರು. ಬಸ್ಸಿನಲ್ಲಿ ಅವರಿಗೆ ನಿದ್ದೆ ಬಂತು; ಇಂಥ ದಿನ ನಿದ್ದೆ ಬರುವುದುಂಟೇ ಎಂದು ಎಚ್ಚರಾದಾಗ ನಾಚಿಕೆಯಾಯಿತು. ಮಸ್ಕಿ ಯಾವಾಗ ದಾಟಿತೋ ತಿಳಿಯಲಿಲ್ಲ. ಗದ್ದೆಗಳ ಮೇಲೆ ಬಿಸಿಲು ಇಳಿದಿತ್ತು. ಸಿಂಧನೂರಿನಲ್ಲಿ ಇಳಿದು ಮನೆಯ ದಾರಿ ಹಿಡಿಯದೆ, ಯಾಕೆಂದು ತಿಳಿಯದೆ, ಅಕ್ಕಿ ಗಿರಣಿಯ ಪಕ್ಕದ ಟೈಪಿಂಗ್ ಕ್ಲಾಸಿಗೆ ಹೋದರು. ಕಲಿಯುವವರೆಲ್ಲ ಹೋಗಿದ್ದರು. ಮಾಳಿಗೆಯ ಕಿಟಕಿಯಲ್ಲಿ ದೀಪವಿತ್ತು, ಒಂದೇ ಯಂತ್ರದ ಸದ್ದು ಬರುತ್ತಿತ್ತು, ಸಮನಾಗಿ, ಎಲ್ಲಿಯೂ ತಡೆಯದೆ. ಅವರು ಮೆಟ್ಟಿಲ ಬುಡದಲ್ಲಿ ನಿಂತು ಕೆಮ್ಮಿದರು. ಸದ್ದು ನಿಂತಿತು. ಅಮರಮ್ಮ ಹೊರಗೆ ಬಂದು, ಮೇಲಿನ ಮೆಟ್ಟಿಲ ಮೇಲೆ ನಿಂತಳು.

ಅವಳ ಕಣ್ಣು ಅವರ ಮುಖದಿಂದ ಚೀಲಕ್ಕೆ ಇಳಿಯಿತು. ಚೀಲದ ಬಾಯಿಂದ ತೆಂಗಿನಕಾಯಿಯ ಜುಟ್ಟು ಕಾಣುತ್ತಿತ್ತು. ಅವಳು ಕೆಳಗೆ ಬಂದು ಎದುರಿಗೆ ನಿಂತು ಬಾಯಿ ತೆರೆದಳು. "ಅ, ಅ..." ಕತ್ತಿನ ನರ ಎದ್ದಿತು. ಅಪ್ಪಾ ಎನ್ನುತ್ತಾಳೆ ಎಂದು ಅವರ ನಾಲಿಗೆ ತುದಿಗೆ ಬಂತು. ಅವರು ಹಲ್ಲು ಕಚ್ಚಿ ಹಿಡಿದರು. ಇವತ್ತು ಮುಗಿಸಬಾರದು. ಎಷ್ಟು ಹೊತ್ತಾದರೂ ಆಗಲಿ, ಅವಳೇ ಮುಗಿಸಲಿ. ನಿನ್ನೆಯ ಆ ಎರಡು ಅಕ್ಷರವನ್ನೇ ಇನ್ನೊಂದು ಸಲ ಹೇಳಿದರೂ ಸಾಕು, ಬೆಳಗಿನ ಮೊದಲ ಬಸ್ಸಿಗೆ ಹೋಗಿ ಈ ಚೀಲವನ್ನು ಆ ಹೊಸ್ತಿಲ ಮೇಲೆ ಇಟ್ಟು ಬರುತ್ತೇನೆ. ಊರು ಉಗಿಯಲಿ, ಪಂಚರು ದಂಡ ಹಾಕಲಿ. ದೇವರಾಣೆ. "ಅಪ್ಪಾ," ಎಂದಳು ಕಡೆಗೆ. ನೆಲ್ಲಿನ ಚೀಲ ಹೇರಿದ ಬಂಡಿಯೊಂದು ಬಂತು, ಇಬ್ಬರೂ ಗೋಡೆಗೆ ಸರಿದರು, ಬಂಡಿ ಹೋಯಿತು. "ಅ, ಅಲ್ಲಿ..." ಎಂದಳು. ಕಣ್ಣು ಮುಚ್ಚಿದಳು. ತುಟಿ ಗುಂಡಗಾಗಿ ನಿಂತುಬಿಟ್ಟಿತು. ಅವರು ಕಾದರು. ಅವಳು ಹುಟ್ಟಿದಾಗಿನಿಂದ ಕಾಯದಿದ್ದುದನ್ನೆಲ್ಲ ಸೇರಿಸಿ ಕಾದರು. "ಉ, ಉ, ಉ..."

"ಉಂಡ್ಯಾ?"

ಅಲ್ಲಿ ಉಂಡೆಯಾ. ಅಷ್ಟೇ ಕೇಳಿದಳು. ಕಣ್ಣು ತೆರೆದು ಅವರ ಮುಖ ನೋಡುತ್ತ ನಿಂತಳು.

ಅವರು ಬೇರೆ ಏನೇನೋ ಹೇಳಬೇಕೆಂದುಕೊಂಡರು. ತಾವು ಹೇಳಿದ್ದು, ಅವರು ನಕ್ಕದ್ದು, ಮುದುಕಿ ಅಂದದ್ದು. ಯಾವುದೂ ಅವಳು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

"ಹ್ಞೂಂ," ಎಂದರು.

ಅಮರಮ್ಮ ತಲೆಯಾಡಿಸಿದಳು. ಮೇಲೆ ಹೋಗಿ ಯಂತ್ರಗಳಿಗೆ ಒಂದೊಂದಾಗಿ ಗವಸು ಹಾಕಿದಳು. ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟು ಬಂದಳು. ಅವರ ಕೈಯ ಚೀಲವನ್ನು ತಾನೇ ಇಸಿದುಕೊಂಡಳು. ಭಾರವಿತ್ತು. ಕೈ ಬದಲಿಸಿ ಹಿಡಿದು ಮನೆಯ ಕಡೆಗೆ ಮುಂದೆ ನಡೆದಳು.